ಕೊಲೆಯ ಕಥೆ ಓದುವ ಸುಖ

ಸಜ್ಜನರು ಕೊಲೆಯ ಕಥೆಗಳನ್ನು ಇಷ್ಟೊಂದು ಪ್ರೀತಿಯಿಂದ ಓದುವುದೇಕೆ? ಇರುವೆಯನ್ನು ತುಳಿಯಲೂ ಹಿಂಜರಿಯುವ ಗೃಹಿಣಿ, ನಿವೃತ್ತ ಶಿಕ್ಷಕರು, ಪರೀಕ್ಷೆ ಮುಗಿಸಿದ ಕಾಲೇಜು ವಿದ್ಯಾರ್ಥಿನಿ - ಇವರೆಲ್ಲರೂ ಪತ್ತೇದಾರಿ ಕಾದಂಬರಿ ಕೈಗೆ ಬಂದರೆ ಊಟವನ್ನೂ ಮರೆಯುತ್ತಾರೆ. ಅದರಲ್ಲಿಯೂ ವಿಕ್ಟೋರಿಯಾ ರಾಣಿ ಆಳಿದ ಕಾಲದ (1837-1901) ಇಂಗ್ಲೆಂಡಿನ ಕಥೆಗಳಿಗೆ ವಿಶೇಷ ಆಕರ್ಷಣೆಯಿದೆ. ಹೊರಗೆ ಮಂಜು, ಬೀದಿದೀಪ, ಕುದುರೆಗಾಡಿಯ ಸಪ್ಪಳ. ಒಳಗೆ ಬೆಚ್ಚನೆಯ ಬೆಂಕಿ, ಚಹಾದ ಬಟ್ಟಲು, ಮತ್ತು ನಡುವೆ ಒಂದು ಶವ! ಕೊನೆಯ ಪುಟದಲ್ಲಿ ಅಪರಾಧಿ ಸಿಕ್ಕಿಬೀಳುತ್ತಾನೆ. ನಾವು ದೀಪ ಆರಿಸಿ ನೆಮ್ಮದಿಯಿಂದ ಮಲಗುತ್ತೇವೆ. ಒಬ್ಬರ ಮರಣದಿಂದ ಇಂಥ ನೆಮ್ಮದಿ ಪಡೆಯುವುದು ಸರಿಯೇ?

ಈ ಸುಖವನ್ನು ಸಾರಾಸಗಟಾಗಿ ಖಂಡಿಸುವುದು ನ್ಯಾಯವಲ್ಲ. 1952ರಲ್ಲಿ 'ಪತ್ತೇದಾರ ಪುರುಷೋತ್ತಮ'ನನ್ನು ಕನ್ನಡಕ್ಕೆ ತಂದ ಎನ್. ನರಸಿಂಹಯ್ಯನವರು 2011ರಲ್ಲಿ ತೀರಿಕೊಳ್ಳುವ ವೇಳೆಗೆ ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದಿದ್ದರು. ಹೆಚ್ಚು ಶಾಲೆ ಕಲಿಯದ ಆ ಲೇಖಕರಿಂದಾಗಿ ಓದಿನ ರುಚಿ ಕಂಡವರು ನಮ್ಮ ನಾಡಿನಲ್ಲಿ ಅಸಂಖ್ಯ. ಇಂಥ ಕಥೆಗಳಲ್ಲಿ ನಾವು ಸವಿಯುವುದು ರಕ್ತವನ್ನಲ್ಲ, ಸತ್ಯ ಬಯಲಾಗುವ ಗಳಿಗೆಯನ್ನು. ಇಳಕಲ್ಲಿನ ನೇಕಾರರು ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಕೊಂಡಿಯಾಗಿ ಸೇರಿಸುವಂತೆ ಚದುರಿದ ಸಂಗತಿಗಳೆಲ್ಲ ಕೊನೆಗೆ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಸುಳ್ಳು ಶಾಶ್ವತವಲ್ಲ, ಅನ್ಯಾಯಕ್ಕೆ ಉತ್ತರವುಂಟು ಎಂಬ ಹಂಬಲ ಮಾನವನ ಅಂತರಂಗದಲ್ಲಿ ಆಳವಾಗಿ ನೆಲೆಸಿದೆ. ಅದು ತೃಪ್ತಿಗೊಂಡಾಗ ಹುಟ್ಟುವ ಸಂತೋಷ ಪಾಪವಲ್ಲ.

ಆದರೂ ಒಂದು ಎಚ್ಚರಿಕೆ ಅಗತ್ಯ. ವಿಲ್ಕಿ ಕಾಲಿನ್ಸ್ 1868ರಲ್ಲಿ ಪ್ರಕಟಿಸಿದ 'ದಿ ಮೂನ್‌ಸ್ಟೋನ್' ಎಂಬ ಪ್ರಸಿದ್ಧ ಕಾದಂಬರಿಯನ್ನು ನೋಡೋಣ. ಇಂಗ್ಲೆಂಡಿನ ಶ್ರೀಮಂತ ಮನೆಯೊಂದರಲ್ಲಿ ಯುವತಿಗೆ ಹುಟ್ಟುಹಬ್ಬದಂದು ಬಂದ ವಜ್ರ ಅದೇ ರಾತ್ರಿ ಮಾಯವಾಗುತ್ತದೆ. ಕದ್ದವರು ಯಾರು? ಕಥೆಯೆಲ್ಲ ಈ ಪ್ರಶ್ನೆಯ ಸುತ್ತ ಸುತ್ತುತ್ತದೆ. ಆದರೆ ಕಥೆ ಆರಂಭವಾಗುವುದು ಆ ಮನೆಯಲ್ಲಲ್ಲ, ನಮ್ಮ ಶ್ರೀರಂಗಪಟ್ಟಣದಲ್ಲಿ! 1799ರ ಮೇ 4ರಂದು ಕೋಟೆ ಬಿದ್ದಾಗ ಯುವತಿಯ ಸೋದರಮಾವನಾದ ಇಂಗ್ಲಿಷ್ ಸೈನ್ಯಾಧಿಕಾರಿ ಕಾವಲುಗಾರರನ್ನು ಕೊಂದು ಆ ವಜ್ರವನ್ನು ದೋಚಿರುತ್ತಾನೆ. ಕಥೆ ಕಲ್ಪಿತ, ಆದರೆ ಆ ದಿನ ಪಟ್ಟಣ ಲೂಟಿಯಾದದ್ದು ಇತಿಹಾಸ. ಎರಡನೆಯ ಕಳ್ಳತನಕ್ಕೆ ಪತ್ತೇದಾರ ಬರುತ್ತಾನೆ. ಮೊದಲನೆಯ ಕೊಲೆಗೆ ಯಾವ ಪತ್ತೇದಾರನೂ ಬರಲಿಲ್ಲ!

ಅದೇ ಕಾದಂಬರಿಯಲ್ಲಿ ರೊಸಾನಾ ಎಂಬ ಬಡ ಕೆಲಸದಾಕೆ ಬರುತ್ತಾಳೆ. ಹಿಂದೊಮ್ಮೆ ಕದ್ದು ಶಿಕ್ಷೆ ಅನುಭವಿಸಿ, ಈಗ ಹೊಸ ಬದುಕು ಕಟ್ಟಿಕೊಳ್ಳಲು ಹೆಣಗುತ್ತಿರುವವಳು. ಸಂಶಯದ ಕಣ್ಣುಗಳು ಆಕೆಯ ಮೇಲೂ ಬೀಳುತ್ತವೆ. ಕೊನೆಗೆ ಆಕೆ ಸಮುದ್ರತೀರದ ಹೂಳುಮರಳಿನಲ್ಲಿ ಪ್ರಾಣ ಬಿಡುತ್ತಾಳೆ. ಲೇಖಕ ಆಕೆಗಾಗಿ ಮರುಗುತ್ತಾನೆ. ಆದರೆ ವಜ್ರದ ಗುಂಗಿನಲ್ಲಿರುವ ಓದುಗ ಆಕೆಯ ಸಾವನ್ನು ದಾಟಿ ಮುಂದಿನ ಪುಟಕ್ಕೆ ಓಡುತ್ತಾನೆ. ಇಲ್ಲಿಯೇ ನೈತಿಕ ಪ್ರಶ್ನೆ ಅಡಗಿದೆ. ಒಗಟಿನ ಸುಖ ನಮ್ಮ ಕರುಣೆಯನ್ನು ಮರಗಟ್ಟಿಸುವುದಾದರೆ ಆ ಸುಖಕ್ಕೆ ತೆತ್ತ ಬೆಲೆ ಹೆಚ್ಚಾಯಿತು.

ವಿಕ್ಟೋರಿಯಾ ಕಾಲವೆಂದರೆ ಕೇವಲ ಲಂಡನ್ನಿನ ಮಂಜಲ್ಲ. ಅದೇ ರಾಣಿಯ ಕಾಲದಲ್ಲಿ ನಮ್ಮ ಮುಧೋಳದ ಬಳಿಯ ಹಲಗಲಿಯಲ್ಲಿ ಏನಾಯಿತು? ಆಯುಧಗಳನ್ನು ಒಪ್ಪಿಸಬೇಕೆಂಬ 1857ರ ಕಾನೂನನ್ನು ಬೇಟೆಯಿಂದಲೇ ಬದುಕುತ್ತಿದ್ದ ಬೇಡರು ಧಿಕ್ಕರಿಸಿದರು. ಸೈನ್ಯ ಬಂದು ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ 19 ಮಂದಿಯನ್ನು ನೇಣಿಗೇರಿಸಲಾಯಿತು. ಬಾದಾಮಿ, ಬಾಗಲಕೋಟೆ, ಹುನಗುಂದಗಳು ಕಲಾದಗಿ ಜಿಲ್ಲೆಗೆ ಸೇರಿದ್ದ 1876-78ರಲ್ಲಿ ಧಾತು ಸಂವತ್ಸರದ ಘೋರ ಬರ ಈ ಸೀಮೆಯನ್ನು ಬರಿದು ಮಾಡಿತು. ಅದಾಗಿ ಹತ್ತು ವರ್ಷ ತುಂಬುವಷ್ಟರಲ್ಲಿ, 1887ರಲ್ಲಿ, ಷರ್ಲಾಕ್ ಹೋಮ್ಸ್ ಓದುಗರ ಮುಂದೆ ಮೊದಲ ಬಾರಿಗೆ ಬಂದ. ನಮ್ಮ ಮೃತರ ಲೆಕ್ಕ ಕೇಳಲು ಮಾತ್ರ ಅಂಥವನು ಬರಲಿಲ್ಲ. ಹಲಗಲಿಯ ನೆನಪನ್ನು ಉಳಿಸಿದವರು ಲಾವಣಿಕಾರರು. ಬಾದಾಮಿಯ ಶಾಸನಗಳನ್ನು ಓದಿದ ಇಂಗ್ಲಿಷ್ ಅಧಿಕಾರಿ ಜೆ. ಎಫ್. ಫ್ಲೀಟ್ ಅವರೇ ಆ ಲಾವಣಿಯನ್ನೂ ಸಂಗ್ರಹಿಸಿ ಅಚ್ಚು ಹಾಕಿಸಿದರು. ಆಳುವವರ ಕಡೆಯವರಾಗಿದ್ದೂ ಸೋತವರ ಹಾಡಿಗೆ ಅವರು ಕಿವಿಗೊಟ್ಟದ್ದು ಸ್ಮರಣೀಯ.

ಪತ್ತೇದಾರಿ ಕಥೆಯ ಇನ್ನೊಂದು ಅಪಾಯವೆಂದರೆ, ಕೇಡೆಲ್ಲವನ್ನೂ ಒಬ್ಬನ ತಲೆಗೆ ಕಟ್ಟಿ ಉಳಿದವರನ್ನೆಲ್ಲ ನಿರ್ದೋಷಿಗಳನ್ನಾಗಿಸುವುದು. ಆ ಉಳಿದವರಲ್ಲಿ ಓದುಗನೂ ಸೇರಿರುತ್ತಾನೆ! ಜಿ. ಕೆ. ಚೆಸ್ಟರ್‌ಟನ್ ಸೃಷ್ಟಿಸಿದ ಫಾದರ್ ಬ್ರೌನ್ ಈ ಭ್ರಮೆಯನ್ನು ಒಡೆಯುತ್ತಾರೆ. ಆ ಸಾಧಾರಣ ಗುರುಗಳ ಮೊದಲ ಕಥಾಸಂಕಲನ ಬಂದದ್ದು 1911ರಲ್ಲಿ. 1927ರ ಸಂಕಲನವೊಂದರಲ್ಲಿ ಅವರು ತಮ್ಮ ಗುಟ್ಟನ್ನು ಹೊರಗೆಡಹುತ್ತಾರೆ: ಕೊಲೆಗಾರನ ಮನಸ್ಸನ್ನು ಅವರು ಹೊರಗಿನಿಂದ ಅಳೆಯುವುದಿಲ್ಲ, ಅದೇ ಕೃತ್ಯ ಎಸಗುವ ಸಾಧ್ಯತೆಯನ್ನು ತಮ್ಮೊಳಗೆ ಕಂಡುಕೊಳ್ಳುತ್ತಾರೆ. ಅವರಿಂದಾಗಿಯೇ ಫ್ಲಾಂಬೋ ಎಂಬ ಮಹಾಕಳ್ಳ ಕಳ್ಳತನ ಬಿಟ್ಟು ಅವರ ಸ್ನೇಹಿತನಾಗುತ್ತಾನೆ. ಅಪರಾಧಿಯನ್ನು ಹಿಡಿಯುವುದಕ್ಕಿಂತ ಅವನನ್ನು ಮರಳಿ ಮನುಷ್ಯನಾಗಿಸುವುದು ದೊಡ್ಡ ಕೆಲಸವಲ್ಲವೇ? ಆದಿಕಾಂಡದ ಮೊದಲ ಕೊಲೆಯಲ್ಲಿಯೂ ಕೊಂದವನು ಯಾರೆಂಬ ಒಗಟಿಲ್ಲ. ಅಲ್ಲಿ ದೇವರು ಕಾಯಿನನ ಬಳಿ ವಿಚಾರಿಸುವುದು ಕಾಣೆಯಾದ ತಮ್ಮನನ್ನು.

ಆದ್ದರಿಂದ ಪ್ರಿಯ ಓದುಗರೇ, ರಜೆಯ ದಿನಗಳಲ್ಲಿ ಇಂಥ ಪುಸ್ತಕಗಳನ್ನು ಸಂತೋಷವಾಗಿ ಓದಿರಿ. ಮಕ್ಕಳ ಕೈಯಿಂದ ಕಿತ್ತುಕೊಳ್ಳಬೇಡಿರಿ. ಓದಿ ಮುಗಿಸಿದ ಮಕ್ಕಳನ್ನು "ಕೊಂದವರು ಯಾರು?" ಎಂದು ಎಲ್ಲರೂ ಕೇಳುತ್ತಾರೆ. ನೀವು "ಸತ್ತವರು ಯಾರು? ಅವರಿಗಾಗಿ ಅತ್ತವರು ಯಾರು?" ಎಂದೂ ಕೇಳಿರಿ. ಉತ್ತರ ಹೇಳಲು ಅವರು ಪುಸ್ತಕವನ್ನು ಮತ್ತೊಮ್ಮೆ ತೆರೆಯಬೇಕಾದೀತು. ಆ ಎರಡನೆಯ ಓದು ವ್ಯರ್ಥವಾಗದು.