ಸತ್ಕಾರ್ಯದಲ್ಲಿ ಸ್ವಾರ್ಥದ ಲೇಪ

ಸತ್ಕಾರ್ಯವನ್ನು ಮಾಡಬೇಕೆಂಬ ವಿಷಯದಲ್ಲಿ ಯಾರಿಗೂ ಸಂಶಯವಿಲ್ಲ. ಆದರೆ ಮನುಷ್ಯನು ಮಾಡುವ ಸತ್ಕಾರ್ಯವು ಎಂದಾದರೂ ಪೂರ್ಣವಾಗಿ ನಿಃಸ್ವಾರ್ಥವಾಗಿರಬಲ್ಲದೆ ಎಂಬ ಪ್ರಶ್ನೆಯು ವಿಚಾರವಂತರನ್ನು ಬಹುಕಾಲದಿಂದ ಕಾಡುತ್ತ ಬಂದಿರುವದು. ಹಸಿದವನಿಗೆ ಅನ್ನವಿಕ್ಕಿದವನಿಗೆ ಸಮಾಧಾನ ದೊರೆಯುವದು. ಶಾಲೆಗೆ ಹಣ ಕೊಟ್ಟವನ ಹೆಸರು ಕಲ್ಲಿನಲ್ಲಿ ಮೂಡುವದು. ಜಂಗಮಾರಾಧನೆ ಮಾಡಿದವನಿಗೆ ಪುಣ್ಯದ ಆಶೆ ಇರುವದು. ಏನನ್ನೂ ಬಯಸದೆ ಮಾಡಿದವನಿಗೆ ಸಹ, ತಾನು ಏನನ್ನೂ ಬಯಸಲಿಲ್ಲವೆಂಬ ಹೆಮ್ಮೆಯಾದರೂ ಉಳಿಯುವದು. ಹೀಗಿರಲು ಪರೋಪಕಾರವೆಂಬುದು ವೇಷ ಮರೆಸಿಕೊಂಡ ಸ್ವಾರ್ಥವೇ ಅಲ್ಲವೆ?

ಇದು ಪಂಡಿತರ ವಾದಕ್ಕೆ ಮೀಸಲಾದ ವಿಷಯವೆಂದು ತಿಳಿಯಲಾಗದು. 2019ನೆಯ ಆಗಸ್ಟ್ ತಿಂಗಳಲ್ಲಿ ಕೃಷ್ಣೆಯೂ ದೂಧಗಂಗಾ, ವೇದಗಂಗೆಯರೂ ಉಕ್ಕಿ ಹರಿದು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಅನೇಕ ಹಳ್ಳಿಗಳನ್ನು ನೀರಿನಲ್ಲಿ ಮುಳುಗಿಸಿದವು. ಮನೆ ಬಿಟ್ಟು ಬಂದ ಜನರು ಪರಿಹಾರ ಕೇಂದ್ರಗಳಲ್ಲಿ ದಿನ ಕಳೆಯಬೇಕಾಯಿತು. ಬೇರೆ ಊರುಗಳಿಂದ ರೊಟ್ಟಿ, ಚಟ್ನಿ, ಹಾಸಿಗೆ, ಹೊದಿಕೆಗಳು ಬಂದವು. ಇಂಥ ಸಮಯದಲ್ಲಿ ಕೊಡುವವರು ಛಾಯಾಚಿತ್ರ ತೆಗೆಯಿಸಿಕೊಳ್ಳುವದು ಈಗಿನ ಕಾಲದ ರೂಢಿಯೇ ಆಗಿರುವದು. ನಿನ್ನೆಯವರೆಗೆ ಹತ್ತು ಜನರಿಗೆ ಉಣಬಡಿಸುತ್ತಿದ್ದ ಒಕ್ಕಲಿಗನು ಒಂದು ರೊಟ್ಟಿಗಾಗಿ ಕೈಯನ್ನಷ್ಟೇ ಅಲ್ಲ, ಮುಖವನ್ನೂ ಒಡ್ಡಬೇಕಾದರೆ ಅವನ ಮನಸ್ಸಿಗೆ ಏನಾಗಬೇಡ? ಇದನ್ನು ಕಂಡು, "ಕೊಡುವದೆಲ್ಲ ಬರಿಯ ಪ್ರದರ್ಶನ" ಎಂದು ಹಳಿದು ತಮ್ಮ ಮನೆಯ ಬಾಗಿಲನ್ನು ಭದ್ರವಾಗಿ ಮುಚ್ಚಿಕೊಳ್ಳುವವರೂ ಇರುವರು. ಮೊದಲಿನವನು ಕೊಟ್ಟು ಕೆಡಿಸಿದನು. ಎರಡನೆಯವನು ಕೊಡದೆ ಕೆಟ್ಟನು. ಇವರಿಬ್ಬರ ನಡುವೆ ಗೃಹಸ್ಥನು ಹಿಡಿಯತಕ್ಕ ದಾರಿ ಯಾವದು?

ಹದಿನೇಳನೆಯ ಶತಮಾನದ ಇಂಗ್ಲಂಡದಲ್ಲಿ ಹಾಬ್ಸ್ ಎಂಬ ತತ್ತ್ವಜ್ಞನಿದ್ದನು. ಅವನು ಬೀದಿಯಲ್ಲಿ ಒಬ್ಬ ಮುದುಕ ಭಿಕ್ಷುಕನಿಗೆ ಹಣ ಕೊಟ್ಟುದನ್ನು ಕಂಡು ಪಾದ್ರಿಯೊಬ್ಬನು ಕಾರಣ ಕೇಳಲು, ಆ ಮುದುಕನ ದುಃಖವನ್ನು ಕಂಡು ತನಗೂ ದುಃಖವಾಯಿತೆಂದೂ, ಕೊಟ್ಟ ಹಣದಿಂದ ಅವನ ದುಃಖದೊಡನೆ ತನ್ನ ದುಃಖವೂ ಹಗುರಾಯಿತೆಂದೂ ಅವನು ಹೇಳಿದನಂತೆ. ಹಾಗಾದರೆ ಅವನು ಕೊಟ್ಟದ್ದು ತನ್ನ ಸುಖಕ್ಕಾಗಿಯೇ ಎಂದು ಕೆಲವರು ತೀರ್ಮಾನಿಸುವರು. 1726ರಲ್ಲಿ ತನ್ನ ಉಪದೇಶಗಳನ್ನು ಪ್ರಕಟಿಸಿದ ಜೋಸೆಫ್ ಬಟ್ಲರನು ಈ ಬಗೆಯ ವಾದದ ಕುಂದನ್ನು ತೋರಿಸಿಕೊಟ್ಟನು. ಅವನ ವಿಚಾರದ ಸಾರವು ನಮ್ಮ ಮನೆಯ ಅನುಭವದಿಂದಲೇ ತಿಳಿಯುವಂತಹದು. ಹಸಿವೆ ಇಲ್ಲದವನಿಗೆ ಊಟದಲ್ಲಿ ಸುಖವಿಲ್ಲ. ಪರರ ಹಿತವನ್ನು ಬಯಸದವನಿಗೆ ಪರರ ಹಿತದಿಂದ ಸುಖವಿಲ್ಲ. ಮುದುಕನ ದುಃಖವು ಹಾಬ್ಸನ ಎದೆಯನ್ನು ಮುಟ್ಟಿದ್ದರಿಂದಲೇ ಅವನಿಗೆ ನೋವಾಯಿತು. ಕೇವಲ ಸ್ವಾರ್ಥಿಯಾದವನು ಮುಖ ತಿರುಗಿಸಿ ನಡೆದುಬಿಡುತ್ತಿದ್ದನು. ಆದುದರಿಂದ ಕೊಟ್ಟಮೇಲೆ ಸಮಾಧಾನವಾಯಿತೆಂಬುದು ಸ್ವಾರ್ಥಕ್ಕೆ ಸಾಕ್ಷಿಯಾಗಲಾರದು. ಅದು ಎದೆಯಲ್ಲಿ ಕರುಣೆ ಮೊದಲೇ ಇತ್ತೆಂಬುದಕ್ಕೆ ಸಾಕ್ಷಿಯು.

ಇಷ್ಟರಿಂದ ಪ್ರಶ್ನೆಯು ಮುಗಿಯಲಿಲ್ಲ. ಕರುಣೆಯಿಂದ ಸುಖವಾಗುವದು ಬೇರೆ, ಕೀರ್ತಿಗಾಗಿಯೇ ಕೊಡುವದು ಬೇರೆ. ಇವೆರಡೂ ಒಂದೇ ಮನಸ್ಸಿನಲ್ಲಿ ಕೂಡಿಕೊಂಡಿರುವಾಗ ಬೇರ್ಪಡಿಸುವವರು ಯಾರು? ಜರ್ಮನಿಯ ಕಾಂಟನು 1785ರಲ್ಲಿ, ಕೇವಲ ಕರ್ತವ್ಯಬುದ್ಧಿಯಿಂದ ನಡೆದ ಕಾರ್ಯವಿದೆಂದು ಒಂದನ್ನೂ ನಿಶ್ಚಯವಾಗಿ ಎತ್ತಿ ತೋರಿಸಲಾಗದೆಂದು ಒಪ್ಪಿಕೊಂಡನು. ಮನುಷ್ಯನಿಗೆ ತನ್ನ ಮನಸ್ಸಿನ ತಳವೂ ಕಾಣದು.

ಬೆಳಗಾವಿ ಜಿಲ್ಲೆಯ ಚರಿತ್ರೆಯಲ್ಲಿಯೇ ಇದಕ್ಕೆ ವಿಚಾರಾರ್ಹವಾದ ಉದಾಹರಣೆಗಳಿವೆ. ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ಲಿಂಗೈಕ್ಯರಾದರು. ಅವರು ತಮ್ಮ ಸಂಸ್ಥಾನದ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ಸಮಾಜದ ಮಕ್ಕಳ ವಿದ್ಯೆಗಾಗಿ ಬಿಟ್ಟುಕೊಟ್ಟರು. ಬೆಳಗಾವಿಯಲ್ಲಿ 1933ರಲ್ಲಿ ಆರಂಭವಾದ ಕಾಲೇಜು ಅವರ ಹೆಸರನ್ನು ಹೊತ್ತಿರುವದು. ಕುತರ್ಕಿಯು, "ಹೆಸರು ಉಳಿಯಿತಲ್ಲ!" ಎನ್ನಬಹುದು. ಆದರೆ ಆ ಹೆಸರನ್ನು ಇಟ್ಟವರು ಹಿಂದಿನಿಂದ ಬಂದವರು. ಅದನ್ನು ಓದಲು ದೇಸಾಯಿಯವರು ಇರಲಿಲ್ಲ. ದಾರಿ ನಡೆಯುವವನ ಬೆನ್ನಿಗೆ ನೆರಳು ಬಂದರೆ, ಅವನು ನೆರಳಿಗಾಗಿಯೇ ನಡೆದನೆಂದು ಹೇಳಲಾಗುವದೆ?

ಕುತರ್ಕಿಯು ಮತ್ತೆ, "ಕೊಟ್ಟದ್ದು ತಮ್ಮ ಸಮಾಜಕ್ಕೇ ಅಲ್ಲವೆ? ಅದು ಅಗಲವಾದ ಸ್ವಾರ್ಥವು" ಎನ್ನಬಹುದು. ಈ ಮಾತಿನಲ್ಲಿ ತಥ್ಯಾಂಶವಿಲ್ಲದಿಲ್ಲ. "ನಮ್ಮವರು" ಎಂಬ ಮಾತಿನ ಬೇಲಿಯೊಳಗೆ ಸ್ವಾರ್ಥವು ಸುಖವಾಗಿ ಬಾಳಬಲ್ಲದು. ಬಂದವನ ಕುಲವನ್ನು ಕೇಳದೆ ಅವನನ್ನು ಮನೆಯ ಮಗನೆಂದು ಎಣಿಸಬೇಕೆಂದು ಬಸವಣ್ಣನವರು ಬೋಧಿಸಿದ್ದು ಈ ಬೇಲಿಯನ್ನು ಕೀಳುವದಕ್ಕಾಗಿಯೇ. 1916ರಲ್ಲಿ ಬಸವನಾಳ, ಸಾಖರೆ ಮೊದಲಾದ ಏಳು ಜನರು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಯನ್ನು ಸ್ಥಾಪಿಸಿದಾಗ ಅವರ ಕಣ್ಣೆದುರಿಗಿದ್ದುದು ತಮ್ಮ ಸಮಾಜದ ಹಿಂದುಳಿದಿರುವಿಕೆಯು. ಇಂದು ಚಿಕ್ಕೋಡಿ, ನಿಪ್ಪಾಣಿಗಳಲ್ಲಿರುವ ಅದರ ಕಾಲೇಜುಗಳ ಅಂಗಳವನ್ನು ಎಲ್ಲ ಜಾತಿಮತಗಳ ಮಕ್ಕಳು ತುಳಿಯುತ್ತಿರುವರು. ಮನೆಯವರಿಗೆಂದು ತೋಡಿದ ಬಾವಿಯಲ್ಲಿ ಊರೇ ನೀರು ಸೇದಿದರೆ ತೋಡಿದವನ ಪುಣ್ಯ ಕಡಿಮೆಯಾಗುವದಿಲ್ಲ. ಸೇದಬಂದವರನ್ನು ತಡೆದರೆ ಮಾತ್ರ ಇದ್ದ ಪುಣ್ಯವೂ ಹೋಗುವದು.

ಶರಣರು ಈ ಪ್ರಶ್ನೆಯನ್ನು ಬೇರೆ ಬದಿಯಿಂದ ಬಿಡಿಸಿದರು. ಅವರು ದಾನವನ್ನು ಬಿಟ್ಟು ದಾಸೋಹವನ್ನು ಹಿಡಿದರು. ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ದಾಸೋಹದಲ್ಲಿ ನೀಡುವವನೇ ದಾಸನು. ಇದ್ದುದೆಲ್ಲ ಶಿವನದೆಂದಮೇಲೆ, ಅವನ ಒಡವೆಯನ್ನು ಅವನಿಗೆ ಒಪ್ಪಿಸುವವನು ಬೀಗಲು ಕಾರಣವೇ ಇಲ್ಲ. ಸಾಹುಕಾರನ ಹಣವನ್ನು ಎಣಿಸಿ ಕೊಡುವ ಗುಮಾಸ್ತನು ತನ್ನನ್ನು ದಾನಶೂರನೆಂದುಕೊಂಡರೆ ನಗೆಗೀಡಾಗನೆ? ಇಲ್ಲಿ ಅಹಂಕಾರದೊಡನೆ ಕಾದಾಡುವ ಕೆಲಸವಿಲ್ಲ. ಅದು ನಿಲ್ಲುವ ನೆಲವನ್ನೇ ಶರಣರು ತೆಗೆದುಬಿಟ್ಟರು.

ಇದಕ್ಕೂ ಮೊದಲು ಕಾಯಕವು ಶುದ್ಧವಿರಬೇಕೆಂಬುದನ್ನು ಮರೆಯಲಾಗದು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನಾಯ್ದು ದಾಸೋಹ ನಡೆಸುತ್ತಿದ್ದ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚಿನ ಅಕ್ಕಿಯನ್ನು ತಂದರು. ಹೆಚ್ಚು ಅಕ್ಕಿಯಿಂದ ಹೆಚ್ಚು ಜಂಗಮರಿಗೆ ನೀಡಬಹುದಾಗಿತ್ತು, ಉದ್ದೇಶವು ಒಳ್ಳೆಯದೇ. ಆದರೂ ಲಕ್ಕಮ್ಮನವರು ಅದನ್ನು ಒಲ್ಲದೆ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಲು ಕಳಿಸಿದರು. ಸತ್ಕಾರ್ಯದ ಹೆಸರಿನಲ್ಲಿ ಆಶೆಯು ಮನೆಯೊಳಗೆ ಕಾಲಿಡುವದನ್ನು ಆ ತಾಯಿ ಹೊಸ್ತಿಲಲ್ಲಿಯೇ ಕಂಡರು. 1981ರಲ್ಲಿ ನಿಪ್ಪಾಣಿಯ ತಂಬಾಕಿನ ಬೆಳೆಗಾರರು ನ್ಯಾಯವಾದ ಬೆಲೆಗಾಗಿ ಚಳವಳಿ ಹೂಡಿದರು. ಗೋಳೀಬಾರಿನಲ್ಲಿ ರೈತರು ಪ್ರಾಣ ತೆತ್ತರು. ಬೆಳೆದವನಿಗೆ ಸಲ್ಲಬೇಕಾದ ಬೆಲೆಯನ್ನೂ ದುಡಿದವಳಿಗೆ ಸಲ್ಲಬೇಕಾದ ಕೂಲಿಯನ್ನೂ ಹಿಡಿದಿಟ್ಟುಕೊಂಡು, ಉಳಿದ ಹಣದಿಂದ ಯಾರೇ ಜಾತ್ರೆಯ ಪ್ರಸಾದವನ್ನು ಮಾಡಿಸಲಿ, ಅದನ್ನು ದಾಸೋಹವೆನ್ನಲು ಲಕ್ಕಮ್ಮನವರು ಒಪ್ಪುತ್ತಿದ್ದಿಲ್ಲ. ಅದು ಸಾಲದವನಿಗೆ ಸಾಲ ತೀರಿಸದೆ ಅವನ ಹಣದಿಂದಲೇ ಅವನನ್ನು ಊಟಕ್ಕೆ ಕರೆದಂತೆ.

ಹಾಗಾದರೆ ಮನಸ್ಸು ಪೂರ್ಣ ಶುದ್ಧವಾಗುವವರೆಗೆ ಕೊಡದೆ ಕಾಯಬೇಕೆ? ಬೇಡ. ಹಸಿದವನು ಕೊಡುವವನ ಚಿತ್ತಶುದ್ಧಿಗಾಗಿ ಕಾಯಲಾರನು. ತನ್ನ ಭಾವವು ಸಾಕಷ್ಟು ನಿರ್ಮಲವಾಗಿಲ್ಲವೆಂದು ಕೈ ಹಿಂದೆಗೆಯುವವನು, ಎದುರಿಗೆ ನಿಂತವನ ಹಸಿವೆಗಿಂತ ತನ್ನ ನಿರ್ಮಲತೆಯನ್ನೇ ಹೆಚ್ಚೆಂದು ಎಣಿಸಿದಂತಾಯಿತು. ಇದು ಸ್ವಾರ್ಥದ ಅತಿ ಸೂಕ್ಷ್ಮವಾದ ರೂಪವು. ಮಳೆಗಾಲದ ಕೃಷ್ಣೆಯು ಕೆಂಪಾಗಿ ಹರಿಯುವಳು. ಆ ನೀರನ್ನು ಯಾರೂ ಚೆಲ್ಲಿಬಿಡುವದಿಲ್ಲ. ಕೊಡದಲ್ಲಿ ತುಂಬಿ, ತಿಳಿಯಾಗಲು ಬಿಟ್ಟು, ಸೋಸಿ ಬಳಸುವರು. ಭಾವವೂ ಹಾಗೆಯೇ, ಮಾಡುತ್ತ ಮಾಡುತ್ತ ತಿಳಿಯಾಗುವದು. ಮೊದಲ ದಿನ ಜನರು ನೋಡಲೆಂದು ನೀಡಿದವನು, ನೀಡುವದು ನಿತ್ಯದ ಕೆಲಸವಾದಮೇಲೆ ನೋಡುವವರನ್ನು ಮರೆಯುವದುಂಟು.

ಆದುದರಿಂದ ತನ್ನ ಸತ್ಕಾರ್ಯವು ಶುದ್ಧವೇ ಎಂದು ಸಂಶಯಪಡುವ ಗೃಹಸ್ಥನು ತನ್ನ ಎದೆಯನ್ನು ಬಗೆದು ನೋಡುತ್ತ ಕೂಡ್ರಬೇಕಾಗಿಲ್ಲ. ಕೊಂಡವನ ಮುಖವನ್ನು ನೋಡಿದರೆ ಸಾಕು. ಅವನು ತಲೆ ಎತ್ತಿ ಉಂಡನೆ? ಮರುದಿನ ದಾರಿಯಲ್ಲಿ ಎದುರಾದಾಗ ಸಂಕೋಚವಿಲ್ಲದೆ ಮಾತನಾಡಿಸಿದನೆ? ಹಾಗಿದ್ದರೆ ಕೊಟ್ಟವನ ಮನಸ್ಸಿನ ಮೂಲೆಯಲ್ಲಿ ಉಳಿದಿರಬಹುದಾದ ಎಳ್ಳಷ್ಟು ಸ್ವಾರ್ಥವು ಯಾರಿಗೂ ಭಾರವಾಗಲಿಲ್ಲ. ಅದನ್ನು ಲಿಂಗದೇವನಿಗೆ ಒಪ್ಪಿಸಿ, ನಾಳಿನ ಕಾಯಕಕ್ಕೆ ಏಳುವದೇ ಭಕ್ತನ ಕರ್ತವ್ಯವು.