ಕೆಂಚನ ಹಲ್ಲು

ಮನೆಯೊಳಗಿನ ಸದ್ದುಗಳಲ್ಲಿ ಒಂದು ಯಾವಾಗ ನಿಂತುಹೋಯಿತೆಂದು ನೆನಪಿಸಿಕೊಳ್ಳಲು ಹೊರಟರೆ ದಿನಾಂಕ ಸಿಗುವುದಿಲ್ಲ. ಹಿಂದಿನ ದಿನ ಉಳಿದ ಚಪಾತಿಯನ್ನು ಬಿಸಿಲಿನಲ್ಲಿ ಒಣಗಿಸಿ, ಮುರಿದು, ಜಗುಲಿಯ ಮೂಲೆಗೆ ಹಾಕುವುದು ನಮ್ಮಲ್ಲಿ ರೂಢಿ. ಕೆಂಚ ಅದನ್ನು ಮುಂಗಾಲುಗಳ ನಡುವೆ ಒತ್ತಿ ಹಿಡಿದು, ಕಣ್ಣು ಅರೆಮುಚ್ಚಿ, ಕಟಕಟನೆ ಕಡಿಯುತ್ತಿದ್ದ. ಒಳಗೆ ಓದುತ್ತ ಕುಳಿತ ನನಗೆ ಅದು ಗಡಿಯಾರದ ಸದ್ದಿನಷ್ಟೇ ಪರಿಚಿತವಾಗಿತ್ತು. ಅಂದರೆ, ಕೇಳಿಸದಷ್ಟು ಪರಿಚಿತ. ಕಳೆದ ಒಂದೆರಡು ವರ್ಷದಲ್ಲಿ ಯಾವಾಗಲೋ ಆ ಸದ್ದು ಇಲ್ಲವಾಯಿತು. ತುಂಡುಗಳು ಜಗುಲಿಯಲ್ಲೇ ಉಳಿಯತೊಡಗಿದವು, ಇರುವೆ ಮುತ್ತಿದವು, ಒಣಗಿಸುವುದನ್ನೇ ನಾವು ಬಿಟ್ಟೆವು. ಚೆಂಡು ಎಸೆದರೆ ಅದರತ್ತ ನೋಡಿ ಮತ್ತೆ ತಲೆಯನ್ನು ನೆಲಕ್ಕೆ ಇಡುತ್ತಿದ್ದ. ಗೇಟಿನ ಬಳಿ ಹಸು ಬಂದರೂ ಏಳುತ್ತಿರಲಿಲ್ಲ. ಒಂಬತ್ತು ವರ್ಷವಾಯಿತಲ್ಲ, ವಯಸ್ಸು, ಎಂದೆವು. ಬಂದುಹೋದವರಿಗೂ ಅದನ್ನೇ ಹೇಳಿದೆವು, ಸ್ವಲ್ಪ ಅಭಿಮಾನದಿಂದಲೇ: ಈಗ ತುಂಬ ಶಾಂತನಾಗಿದ್ದಾನೆ. (ವ್ಯಾಕರಣ ಅವನನ್ನು ‘ಅದು’ ಎನ್ನುತ್ತದೆ. ಮನೆಯಲ್ಲಿ ಆ ವ್ಯಾಕರಣ ಮೊದಲ ವಾರವೇ ಸೋತಿತು.)

ಎಡಗಣ್ಣಿನ ಕೆಳಗೆ ಅಡಿಕೆಯಷ್ಟು ಬಾವು ಕಾಣಿಸಿಕೊಂಡಾಗ ಕಣ್ಣಿಗೆ ಏನೋ ಕಡಿದಿರಬೇಕೆಂದು ಪಶುವೈದ್ಯೆಯ ಬಳಿಗೆ ಕರೆದೊಯ್ದೆ. ಅವರು ಕಣ್ಣನ್ನು ನೋಡಲೇ ಇಲ್ಲ. ನೇರವಾಗಿ ತುಟಿಯನ್ನು ಎತ್ತಿದರು. ಬೆಳೆದ ನಾಯಿಗೆ ನಲವತ್ತೆರಡು ಹಲ್ಲು, ನಮಗಿಂತ ಹತ್ತು ಹೆಚ್ಚು. ಅವುಗಳಲ್ಲಿ ಮೇಲ್ದವಡೆಯ ನಾಲ್ಕನೆಯ ಮುಂದವಡೆ ಹಲ್ಲು ಎಲ್ಲಕ್ಕಿಂತ ದೊಡ್ಡ ಕತ್ತರಿ. ಕೆಳಗಿನ ಹಲ್ಲಿನೊಂದಿಗೆ ಕೂಡಿ ಮಾಂಸವನ್ನು ತರಿಯುವುದು ಅದರ ಕೆಲಸ. ಅದಕ್ಕೆ ಮೂರು ಬೇರು, ಆ ಬೇರುಗಳ ತುದಿ ಇರುವುದು ಕಣ್ಣಿನ ಕೆಳಗೆ. ಕೆಂಚನ ಆ ಹಲ್ಲು ನಿಲುವಿನಲ್ಲಿ ಸೀಳಿತ್ತು. ಎಂದೋ ಗಟ್ಟಿ ಮೂಳೆಯೊಂದನ್ನು ಕಡಿದಾಗ ಆದದ್ದಿರಬೇಕು; ಪ್ರೀತಿಯಿಂದ ನಾವೇ ಕೊಟ್ಟ ಮೂಳೆ. ಸೀಳಿನೊಳಗಿಂದ ಸೋಂಕು ಇಳಿದು ಬೇರಿನ ತುದಿಯಲ್ಲಿ ಕೀವು ಕಟ್ಟಿ ಮುಖಕ್ಕೆ ಬಂದಿತ್ತು. ‘ಎಷ್ಟು ದಿನದಿಂದ ನೋಯ್ತಿರಬಹುದು ಮೇಡಂ?’ ಎಂದೆ. ‘ತಿಂಗಳುಗಳೇ ಆಗಿರಬಹುದು ಸರ್.’ ‘ಊಟ ಬಿಟ್ಟಿರಲಿಲ್ಲವಲ್ಲ?’ ಅವರು ಕೈಗವಸು ಕಳಚುತ್ತ ಹೇಳಿದರು: ‘ಬಿಡಲ್ಲ ಸರ್. ಇನ್ನೊಂದು ಕಡೆಯಿಂದ ಅಗೀತಾವೆ. ಇಲ್ಲಾಂದ್ರೆ ಅಗಿಯದೇ ನುಂಗ್ತಾವೆ. ನೋವಿದೆ ಅಂತ ತೋರಿಸಿಕೊಳ್ಳೋದು ಅವುಗಳಿಗೆ ಗೊತ್ತಿಲ್ಲ.’

ಮನೆಗೆ ಮರಳುವ ದಾರಿಯಲ್ಲಿ ಬಾವಿಗಿಂತ ನನ್ನ ಒಂದು ಮಾತೇ ನನ್ನನ್ನು ಹೆಚ್ಚು ಕಾಡಿತು. ಶಾಂತನಾಗಿದ್ದಾನೆ ಎಂದಿದ್ದೆನಲ್ಲ, ಆ ಮಾತು. ಒಂದು ಜೀವ ತನ್ನ ಇಷ್ಟಗಳನ್ನು ಒಂದೊಂದಾಗಿ ಬಿಡುತ್ತ ಬಂದದ್ದನ್ನು ನಾನು ಪಕ್ವತೆಯೆಂದು ಓದಿದ್ದೆ. ಓದು ತಪ್ಪಿದ್ದು ಇದೇ ಮೊದಲಲ್ಲ. ಅಮ್ಮ ಕೊನೆಯ ಎರಡು ವರ್ಷ ಚಕ್ಕುಲಿ, ಕೋಡುಬಳೆಗಳನ್ನು ಮುಟ್ಟಲಿಲ್ಲ. ಗೋಕುಲಾಷ್ಟಮಿಯ ದಿನವೂ ತಟ್ಟೆಯನ್ನು ಮೊಮ್ಮಕ್ಕಳ ಕಡೆಗೆ ಸರಿಸಿ, ‘ನನಗೆ ಆಸೆಯೇ ಹೋಗಿಬಿಟ್ಟಿದೆ ಕಣೋ’ ಎನ್ನುತ್ತಿದ್ದಳು. ಮೆತ್ತಗಿನ ಅನ್ನ, ತಿಳಿಸಾರು, ಮಜ್ಜಿಗೆ, ಅಷ್ಟೇ. ಅದನ್ನು ನಾವು ವೈರಾಗ್ಯವೆಂದು ಭಾವಿಸಿ ಒಳಗೊಳಗೇ ಗೌರವಿಸಿದೆವು. ಅವಳು ಹೋದ ಮೇಲೆ ಬೀರುವನ್ನು ತೆರವು ಮಾಡುವಾಗ ಸೀರೆಗಳ ಅಡಿಯಲ್ಲಿ, ಹಳೆಯ ರವಿಕೆಯ ಬಟ್ಟೆಯಲ್ಲಿ ಸುತ್ತಿಟ್ಟ ಹಲ್ಲಿನ ಸೆಟ್ಟು ಸಿಕ್ಕಿತು. ನಾವು ಕಟ್ಟಿಸಿಕೊಟ್ಟದ್ದು, ಹೊಸದರಂತೆಯೇ ಇತ್ತು. ಕೂರುತ್ತಿರಲಿಲ್ಲವೇನೋ, ಒಸಡಿಗೆ ಒತ್ತುತ್ತಿತ್ತೇನೋ. ಕೊಟ್ಟ ದುಡ್ಡು ನೆನೆದು ಹೇಳದೇ ಉಳಿದಳೋ, ಮತ್ತೆ ಆಸ್ಪತ್ರೆಗೆ ಅಲೆಸಬೇಕಲ್ಲ ಎಂದುಕೊಂಡಳೋ. ಅಮ್ಮನಿಗೆ ಮಾತಿತ್ತು, ಆದರೂ ಹೇಳಲಿಲ್ಲ. ಕೆಂಚನಿಗೆ ಮಾತಿರಲಿಲ್ಲ. ಇಬ್ಬರ ಮುಂದೆಯೂ ಕುಳಿತವನು ನಾನೇ.

ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿಯಿಂದ ಅವನಿಗೆ ಉಪವಾಸ. ಅರಿವಳಿಕೆಯಲ್ಲಿ ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸನಾಳಕ್ಕೆ ಇಳಿಯಬಾರದೆಂದು ಈ ನಿಯಮ. ಮೂತ್ರಪಿಂಡ ಮತ್ತು ಯಕೃತ್ತು ಔಷಧಿಯನ್ನು ತಾಳಬಲ್ಲವೇ ಎಂದು ರಕ್ತಪರೀಕ್ಷೆ ಮೊದಲೇ ಆಗಿತ್ತು. ಬೆಳಿಗ್ಗೆ ಖಾಲಿ ಬಟ್ಟಲಿನ ಮುಂದೆ ಕುಳಿತು ಅವನು ನನ್ನ ಮುಖ ನೋಡಿದ. ತಪ್ಪು ನಡೆದಿದೆ, ಆದರೆ ಸರಿಹೋಗುತ್ತದೆ ಎಂಬಂಥ ನೋಟ. ಮನುಷ್ಯರಿಗಾದರೆ ಹೇಳಬಹುದು: ಇವತ್ತು ಒಂದು ದಿನ, ಆಮೇಲೆ ಹದಿನೈದು ದಿನ ಜಾಗ್ರತೆ, ಅಷ್ಟೇ. ನೋವಿಗೆ ಒಂದು ಕೊನೆಯಿದೆಯೆಂಬ ತಿಳಿವಳಿಕೆಯೇ ಅರ್ಧ ಔಷಧಿ. ಆ ಅರ್ಧವನ್ನು ಅವನಿಗೆ ಕೊಡುವ ಉಪಾಯ ನನ್ನಲ್ಲಿರಲಿಲ್ಲ. ಕಾಲದ ಲೆಕ್ಕವಿಲ್ಲದ ಜೀವಕ್ಕೆ ನೋವೆಂದರೆ ಈಗ ಇರುವ ನೋವು ಮಾತ್ರ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ನನಗೆ ಅದು ತಿರುಗುಮುರುಗಾಗಿ ಕಾಣುತ್ತದೆ. ಮುಗಿಯುವ ದಿನ ಕಾಣದಿದ್ದರೆ ಈಗ ಇರುವುದೇ ಎಂದೆಂದಿಗೂ ಇರುವುದಲ್ಲವೇ? ಹಾಗಿದ್ದೂ, ಬಾಗಿಲಲ್ಲಿ ಸಹಾಯಕ ಹುಡುಗ ಹಗ್ಗ ಹಿಡಿದಾಗ ಕೆಂಚ ಒಮ್ಮೆ ತಿರುಗಿ ನೋಡಿ ಒಳಗೆ ನಡೆದ. ಅಷ್ಟು ನಂಬಿಕೆ ನನಗೆ ಭಾರವೆನಿಸಿತು.

ಸಂಜೆ ಅವನನ್ನು ಹೊತ್ತು ತಂದೆವು. ಹಲ್ಲನ್ನು ಮೂರು ಭಾಗವಾಗಿ ಕತ್ತರಿಸಿ, ಒಂದೊಂದೇ ಬೇರನ್ನು ಸಡಿಲಿಸಿ ತೆಗೆದು, ಒಸಡನ್ನು ಕರಗುವ ದಾರದಿಂದ ಹೊಲಿದಿದ್ದರು. ಆ ರಾತ್ರಿಯನ್ನು ಬರೆಯುವುದು ಸುಲಭವಲ್ಲ. ಕಣ್ಣು ತೆರೆದೇ ಇತ್ತು, ಆದರೆ ಅದರೊಳಗೆ ಅವನಿರಲಿಲ್ಲ. ಎದ್ದು ನಾಲ್ಕು ಹೆಜ್ಜೆ ಇಟ್ಟು ಗೋಡೆಗೆ ಮುಖವಿಟ್ಟು ನಿಂತುಬಿಡುತ್ತಿದ್ದ. ಸಣ್ಣ ಮರಿಯಾಗಿದ್ದಾಗ ಅತ್ತಂತೆ, ನಿರಂತರವಾಗಿ, ಒಂದೇ ಸ್ವರದಲ್ಲಿ ಅಳುತ್ತಿದ್ದ. ಆ ಅಳುವೆಲ್ಲ ನೋವಿನದ್ದಲ್ಲ, ಅರಿವಳಿಕೆ ಇಳಿಯುವಾಗಿನ ಗೊಂದಲ ಎಂದು ವೈದ್ಯೆ ಮೊದಲೇ ಎಚ್ಚರಿಸಿದ್ದರು. ಕೇಳುವ ಕಿವಿಗೆ ಆ ವ್ಯತ್ಯಾಸ ತಿಳಿಯದು. ಮೈ ತಣ್ಣಗಿತ್ತು. ಕಂಬಳಿ ಹೊದಿಸಿದೆ, ದೀಪ ತಗ್ಗಿಸಿದೆ, ಮೆಟ್ಟಿಲ ಬಳಿ ಅಡ್ಡಲಾಗಿ ಕುರ್ಚಿಯಿಟ್ಟೆ. ಉಸಿರಾಟಕ್ಕೆ ನಳಿಕೆ ಇಳಿಸಿದ್ದರಿಂದ ಆಗಾಗ ಒಣಕೆಮ್ಮು. ಬಾಯಿಂದ ಜೊಲ್ಲು ಸೋರಿ ಅಮ್ಮನ ಹಳೆಯ ಸೀರೆಯ ಮೇಲೆ ತೆಳುಗೆಂಪು ಕಲೆಯಾಯಿತು. ಮೊದಲ ಒಂದೆರಡು ದಿನ ಈ ತೆಳುಗೆಂಪು ಸಹಜ, ಕಡುಗೆಂಪು ರಕ್ತ ನಿಲ್ಲದೆ ತೊಟ್ಟಿಕ್ಕಿದರೆ ಮಾತ್ರ ತಕ್ಷಣ ಕರೆ ಮಾಡಿ ಎಂದಿದ್ದರು. ಗಂಟೆಗೊಮ್ಮೆ ಬೆಳಕು ಹಿಡಿದು ಆ ಬಣ್ಣವನ್ನೇ ಪರೀಕ್ಷಿಸುತ್ತಿದ್ದೆ. ಅವನ ಪಕ್ಕ ನೆಲದ ಮೇಲೆ ಚಾಪೆ ಹಾಸಿಕೊಂಡು ಪಕ್ಕೆಯ ಮೇಲೆ ಕೈಯಿಟ್ಟೆ. ಉಸಿರು ಏರಿ ಇಳಿಯುವುದನ್ನು ಎಣಿಸುತ್ತ ಮಲಗಿದವನಿಗೆ ಯಾವಾಗಲೋ ಎಣಿಕೆ ತಪ್ಪಿತು. ನಸುಕಿನಲ್ಲಿ ಎಚ್ಚರವಾದಾಗ ಅವನು ನನ್ನ ಮಣಿಕಟ್ಟನ್ನು ನೆಕ್ಕುತ್ತಿದ್ದ. ಮರಳಿ ಬಂದಿದ್ದ.

ಮುಂದಿನ ದಿನಗಳು ಸಣ್ಣ ಸಣ್ಣ ಕೆಲಸಗಳಿಂದ ತುಂಬಿದ್ದವು, ಅವು ನನಗೆ ಒಳ್ಳೆಯದನ್ನೇ ಮಾಡಿದವು. ಅನ್ನವನ್ನು ಮುದ್ದೆಯಾಗುವಂತೆ ಬೇಯಿಸಿ, ಆರಿಸಿ, ಮೊಸರು ಕಲಸಿ, ಬೆರಳಿನಲ್ಲಿ ಒಂದು ಅಗಳೂ ಗಟ್ಟಿಯಿಲ್ಲದಂತೆ ಹಿಸುಕುವುದು. ಒಗ್ಗರಣೆಯಿಲ್ಲ, ಉಪ್ಪಿಲ್ಲ, ಈರುಳ್ಳಿ ಬೆಳ್ಳುಳ್ಳಿಗಳಂತೂ ನಾಯಿಯ ರಕ್ತಕಣಗಳನ್ನೇ ಒಡೆಯುತ್ತವೆ. ನೋವಿನ ಔಷಧಿ ತೂಕಕ್ಕೆ ತಕ್ಕಂತೆ ಅಳೆದು ದಿನಕ್ಕೆ ಒಮ್ಮೆ, ಊಟದ ಜೊತೆಗೆ. ಎದುರುಮನೆಯ ಹಿರಿಯರು ಮರುಕದಿಂದ, ‘ನಾವು ತಲೆನೋವಿಗೆ ತಗೊಳ್ಳೋ ಮಾತ್ರೆ ಅರ್ಧ ಕೊಡಿ, ಪಾಪ’ ಎಂದರು. ಮನುಷ್ಯರ ಆ ಮಾತ್ರೆಗಳು ನಾಯಿಗೆ ವಿಷವಾಗಬಲ್ಲವು ಎಂದು ವಿವರಿಸಿದರೆ ಅವರಿಗೆ ಪೂರ್ಣ ನಂಬಿಕೆ ಬರಲಿಲ್ಲ. ಮುಖ ಕೆರೆದುಕೊಂಡು ಹೊಲಿಗೆ ಬಿಚ್ಚಿಕೊಳ್ಳದಿರಲೆಂದು ಕುತ್ತಿಗೆಗೆ ಆಲಿಕೆಯಂಥ ಪ್ಲಾಸ್ಟಿಕ್ ಕವಚ ಕಟ್ಟಿದ್ದರು. ಅದನ್ನು ಹೊತ್ತು ಅವನು ಬಾಗಿಲುವಾಡಗಳಿಗೆಲ್ಲ ಬಡಿದುಕೊಳ್ಳುತ್ತ, ಸಿಂಹಾಸನ ಕಳೆದುಕೊಂಡ ಅರಸನಂತೆ ತಿರುಗಿದ. ಚೆಂಡು, ಚಪ್ಪಲಿ, ತೆಂಗಿನ ಮಟ್ಟೆ ಎಲ್ಲವನ್ನೂ ಅಟ್ಟಕ್ಕೆ ಹಾಕಿದೆವು. ಅನ್ನ ಕಲಸುವಾಗ ಒಂದು ಮಧ್ಯಾಹ್ನ ಕೈ ತಾನಾಗಿ ನಿಂತಿತು. ಇದೇ ಅನ್ನ, ಇದೇ ಹದ. ಅಮ್ಮ ತನ್ನ ತಟ್ಟೆಯಲ್ಲಿ ತಾನೇ ಹೀಗೆ ಹಿಸುಕಿಕೊಳ್ಳುತ್ತಿದ್ದಳು, ನಾವು ಸುತ್ತ ಕುಳಿತು ಹಪ್ಪಳ ಮುರಿಯುತ್ತಿದ್ದಾಗ.

ಆ ದಿನಗಳಲ್ಲಿ ಎಂದೋ ಓದಿದ ಸಂಗತಿಯೊಂದು ನೆನಪಿಗೆ ಬಂತು. 1914ರಲ್ಲಿ ಜರ್ಮನಿಯ ಬಾನ್ ನಗರದ ಬಳಿ, ಓಬರ್‌ಕಾಸೆಲ್ ಎಂಬಲ್ಲಿ ಕಲ್ಲುಗಣಿಯ ಕೆಲಸಗಾರರಿಗೆ ಸುಮಾರು ಹದಿನಾಲ್ಕು ಸಾವಿರ ವರ್ಷ ಹಿಂದಿನ ಒಂದು ಸಮಾಧಿ ಸಿಕ್ಕಿತು: ಒಬ್ಬ ಗಂಡಸು, ಒಬ್ಬ ಹೆಂಗಸು. ಜೊತೆಯಲ್ಲಿದ್ದ ಕೆಲವು ಮೂಳೆಗಳು ನಾಯಿಯವೆಂದು ಗುರುತಾಗಲು ದಶಕಗಳೇ ಹಿಡಿದವು. ಏಳು ತಿಂಗಳೂ ಸರಿಯಾಗಿ ತುಂಬಿರದ ಮರಿ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಅದರ ಹಲ್ಲುಗಳನ್ನು ಓದಿತು. ಹಲ್ಲು ರೂಪುಗೊಳ್ಳುವ ಕಾಲದಲ್ಲಿ ದೇಹ ತೀವ್ರವಾಗಿ ಬಳಲಿದರೆ ಹೊರಕವಚ ಕಟ್ಟುವುದು ತಡೆಯುತ್ತದೆ, ಆ ತಡೆ ಗೆರೆಯಾಗಿ ಉಳಿಯುತ್ತದೆ. ಈ ಮರಿಗೆ ಐದನೆಯ ತಿಂಗಳಲ್ಲಿ ಡಿಸ್ಟೆಂಪರ್ ಎಂಬ ಕಠಿಣ ರೋಗ ತಗುಲಿದ್ದಿರಬೇಕು, ಆದರೂ ಅದು ಹಲವು ವಾರ ಬದುಕಿತ್ತು. ಯಾರೋ ನೀರುಣಿಸಿ, ಬೆಚ್ಚಗಿಟ್ಟು, ಹೇಸದೆ ಶುಚಿಮಾಡದಿದ್ದರೆ ಅದು ಸಾಧ್ಯವಿರಲಿಲ್ಲ ಎಂದು ಸಂಶೋಧಕರು ತರ್ಕಿಸಿದರು. ಬೇಟೆಗೂ ಕಾವಲಿಗೂ ಬಾರದ, ಬದುಕುವ ಭರವಸೆಯಿಲ್ಲದ ಮರಿ. ನಮ್ಮ ನೆಲದಲ್ಲಿ ನಾಯಿಯ ನೆನಪಿಗೆ ಕಲ್ಲೇ ಇದೆ. ಮಂಡ್ಯ ಸೀಮೆಯ ಆತಕೂರಿನ ಶಾಸನ, ಹತ್ತನೆಯ ಶತಮಾನದ ನಡುವಿನದು. ಯುದ್ಧದ ಪರಾಕ್ರಮಕ್ಕೆ ಮೆಚ್ಚಿಕೆಯಾಗಿ ಮಣಲೇರನೆಂಬ ಯೋಧ ಬೇಡಿ ಪಡೆದ ಕಾಳಿ ಎಂಬ ಬೇಟೆನಾಯಿ ಕಾಡುಹಂದಿಯೊಂದಿಗೆ ಸೆಣಸಿ, ಎರಡೂ ಸತ್ತ ಕಥೆಯನ್ನು ಹೇಳುತ್ತದೆ. ಕಲ್ಲಿನ ಮೇಲೆ ಅವೆರಡೂ ಇಂದಿಗೂ ಹೋರಾಡುತ್ತಿವೆ, ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ವೀರಕ್ಕೆ ಶಿಲ್ಪಿ ಸಿಕ್ಕ. ರಾತ್ರಿಯೆಲ್ಲ ಕುಳಿತು ಆರೈಕೆ ಮಾಡಿದವರ ಹೆಸರನ್ನು ಕೊರೆಯಲು ಯಾರೂ ಇರಲಿಲ್ಲ. ಮರಿಯ ಹಲ್ಲೊಂದು ಆ ಗೆರೆಗಳನ್ನು ಇಟ್ಟುಕೊಂಡಿತ್ತು.

ಹದಿನಾಲ್ಕನೆಯ ದಿನ ವೈದ್ಯೆ ಬಾಯಿ ತೆರೆದು ನೋಡಿ ಚೆನ್ನಾಗಿ ಕೂಡಿದೆ ಎಂದರು. ದಾರ ಅಲ್ಲಲ್ಲಿ ಕರಗಿ ಒಸಡು ನಸುಗೆಂಪಾಗಿ ಮುಚ್ಚಿಕೊಂಡಿತ್ತು. ಆದರೆ ವಾಸಿಯಾದದ್ದು ನನಗೆ ತಿಳಿದದ್ದು ಬಾಯಿಯನ್ನು ನೋಡಿ ಅಲ್ಲ. ಎಂಟನೆಯ ದಿನದಿಂದಲೇ ಅವನು ಬೇರೆಯಾಗತೊಡಗಿದ್ದ. ಹಸು ಬಂದರೆ ಗೇಟಿನವರೆಗೆ ಓಡಿದ. ಹಾಲಿನವನ ಸೈಕಲ್ಲಿಗೆ, ಎರಡು ವರ್ಷದ ಮೌನದ ನಂತರ, ಬೊಗಳಿದ. ಮಧ್ಯಾಹ್ನ ನನ್ನ ಕಾಲಿಗೆ ತಲೆಯಿಂದ ಗುದ್ದಿ ಆಟಕ್ಕೆ ಕರೆದ. ಮುದಿತನವೆಂದು ನಾವು ಒಪ್ಪಿಕೊಂಡಿದ್ದ ಎಲ್ಲವೂ ಒಂದು ಹಲ್ಲಿನ ಜೊತೆ ಹೊರಟುಹೋಗಿತ್ತು. ಸಂತೋಷಪಡಬೇಕಾದ ಹೊತ್ತು, ಪಟ್ಟೆ ಕೂಡ. ಆದರೂ ಅವನು ಜಿಗಿದಾಗಲೆಲ್ಲ ಒಂದು ಲೆಕ್ಕ ಮನಸ್ಸಿನಲ್ಲಿ ಮೂಡುತ್ತಿತ್ತು. ಅವನ ಒಂಬತ್ತು ವರ್ಷಗಳಲ್ಲಿ ಒಂದೆರಡು ವರ್ಷ ಹೀಗೆ ಹೋಯಿತು. ಇನ್ನು ಉಳಿದಿರುವುದು ಹೆಚ್ಚೆಂದರೆ ಐದಾರು. ನಿಜವಾದ ಮುದಿತನ ಬರುತ್ತದೆ, ಅದು ಬಂದಾಗ ನಾನು ಅದನ್ನು ನಂಬುವೆನೇ? ಈಗಂತೂ ಮನೆಯಲ್ಲಿ ಯಾರಾದರೂ ಬೇಡ, ಸಾಕು, ಆಸೆಯಿಲ್ಲ ಎಂದರೆ ಅವರ ಮುಖವನ್ನು ಮತ್ತೊಮ್ಮೆ ನೋಡುವ ಅಭ್ಯಾಸವಾಗಿದೆ. ಅದು ಅವರಿಗೆ ಕಿರಿಕಿರಿ. ತಂಗಿ ಹಬ್ಬಕ್ಕೆ ಬಂದಾಗ, ‘ಅಣ್ಣಾ, ನಿಜವಾಗಲೂ ಹೊಟ್ಟೆ ತುಂಬಿದೆ’ ಎಂದು ಮೂರು ಸಲ ಹೇಳಬೇಕಾಯಿತು.

ತೆಗೆದ ಹಲ್ಲಿನ ತುಂಡುಗಳನ್ನು ವೈದ್ಯೆ ಸಣ್ಣ ಪೊಟ್ಟಣದಲ್ಲಿ ಕೊಟ್ಟಿದ್ದರು. ಬಾಯಲ್ಲಿ ಕಾಣುತ್ತಿದ್ದ ಭಾಗಕ್ಕಿಂತ ಕಾಣದ ಬೇರುಗಳೇ ಉದ್ದ. ಚಿಕ್ಕಂದಿನಲ್ಲಿ ನಮ್ಮ ಹಾಲುಹಲ್ಲು ಬಿದ್ದರೆ ಅಮ್ಮ ಅದನ್ನು ಸಗಣಿಯಲ್ಲಿ ಸುತ್ತಿ ಹಂಚಿನ ಮೇಲೆ ಎಸೆಯಲು ಹೇಳುತ್ತಿದ್ದಳು, ಹೊಸದು ಬರಲೆಂದು. ಕೆಂಚನಿಗೆ ಹೊಸದು ಬರುವುದಿಲ್ಲ. ಈಗಿನ ನಮ್ಮ ಮನೆಗೆ ಹಂಚೂ ಇಲ್ಲ. ಪೊಟ್ಟಣ ಬೀರುವಿನಲ್ಲಿದೆ, ಆ ರವಿಕೆಯ ಬಟ್ಟೆಯ ಗಂಟಿನ ಪಕ್ಕದಲ್ಲಿ. ಎಸೆಯಲು ಕಾರಣ ಸಿಗಲಿಲ್ಲ, ಇಟ್ಟುಕೊಳ್ಳಲೂ ಇಲ್ಲ.

ನಿನ್ನೆ, ಐದನೆಯ ವಾರ, ಹದವಾಗಿ ಒಣಗಿಸಿದ ಚಪಾತಿಯ ಒಂದು ತುಂಡನ್ನು ಜಗುಲಿಗೆ ಹಾಕಿ ಒಳಗೆ ಬಂದು ಕುಳಿತೆ. ಪುಸ್ತಕ ತೆರೆದಿತ್ತು, ಓದಲಿಲ್ಲ. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಮೂಸುತ್ತಿದ್ದನೋ, ಯೋಚಿಸುತ್ತಿದ್ದನೋ. ಆಮೇಲೆ, ಬಲಗಡೆಯಿಂದ, ಮೊದಲು ಒಂದು ಸಲ, ಸ್ವಲ್ಪ ಬಿಟ್ಟು ಇನ್ನೊಂದು ಸಲ: ಕಟಕ್.