ಶ್ವೇತಕೇತುವಿನ ಹಸಿವು

ಶರೀರವು ವಿದ್ಯೆಗೆ ಬೇಕಾದ ಉಪಕರಣ ಮಾತ್ರವೋ ಅಥವಾ ವಿದ್ಯೆಯದೇ ಒಂದು ಅಂಗವೋ ಎಂಬುದು ಭಾರತೀಯ ಚಿಂತನೆಯಲ್ಲಿ ಬಹಳ ಹಳೆಯ ಪ್ರಶ್ನೆಯಾಗಿದ್ದರೂ, ಶಾಲೆಯ ಮಕ್ಕಳ ಆಹಾರ ಮತ್ತು ವ್ಯಾಯಾಮದ ಕುರಿತು ಇಂದು ನಡೆಯುವ ಚರ್ಚೆಯಲ್ಲಿ ಅದು ಕ್ಯಾಲೊರಿ, ಪ್ರೋಟೀನುಗಳ ಕೋಷ್ಟಕದ ಅಡಿಯಲ್ಲಿ ಹೂತುಹೋಗಿದೆ. ಶರೀರವನ್ನು ಧರ್ಮಸಾಧನವೆಂದು ಕರೆಯುವ ಕಾಳಿದಾಸನ ಮಾತನ್ನು ಶಾಲೆಯ ಗೋಡೆಯ ಮೇಲೆ ಬರೆಸುವವರು, ‘ಕುಮಾರಸಂಭವ’ದಲ್ಲಿ ಅದು ಕಠೋರ ತಪಸ್ಸಿನಿಂದ ಮೈ ಕರಗಿಸಿಕೊಂಡ ಪಾರ್ವತಿಯನ್ನು ಕುರಿತು, ವೇಷ ಮರೆಸಿಕೊಂಡು ಬಂದ ಶಿವನು ಆಡಿದ ಮಾತೆಂಬುದನ್ನು ಸಾಮಾನ್ಯವಾಗಿ ಮರೆತಿರುತ್ತಾರೆ. ಸಾಧನವೆಂಬ ಪದದಲ್ಲಿಯೇ ಒಂದು ತೊಡಕಿದೆ. ಮಗುವಿನ ದೇಹ ಕಲಿಕೆಯ ಸಾಧನವೆಂದಷ್ಟೇ ಒಪ್ಪಿದರೆ, ಊಟ ಕೊಡುವುದಕ್ಕೆ ಹಾಜರಾತಿ ಮತ್ತು ಅಂಕಗಳೇ ಸಮರ್ಥನೆಯಾಗಿಬಿಡುತ್ತವೆ. ಉಂಡೂ ಅಂಕ ಗಳಿಸದ ಮಗುವಿನ ಊಟಕ್ಕೆ ಆಗ ಯಾವ ಸಮರ್ಥನೆಯೂ ಉಳಿಯುವುದಿಲ್ಲ.

ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯವು ಈ ಪ್ರಶ್ನೆಯನ್ನು ಒಂದು ಪ್ರಯೋಗದ ಮೂಲಕವೇ ಎತ್ತಿಕೊಳ್ಳುತ್ತದೆ. ಹನ್ನೆರಡು ವರ್ಷ ವೇದಾಧ್ಯಯನ ಮಾಡಿ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಗರ್ವದಿಂದ ಮನೆಗೆ ಮರಳಿದ ಶ್ವೇತಕೇತುವಿಗೆ ತಂದೆ ಉದ್ದಾಲಕ ಆರುಣಿಯು ಮನಸ್ಸು ಅನ್ನಮಯವಾದುದು, ಅಂದರೆ ಉಂಡ ಅನ್ನದ ಅತಿಸೂಕ್ಷ್ಮ ಅಂಶದಿಂದಲೇ ಆದುದು ಎಂದು ಬೋಧಿಸುತ್ತಾನೆ. ಅದನ್ನು ಮನಗಾಣಿಸಲು ಹದಿನೈದು ದಿನ ಊಟ ಬಿಟ್ಟು ನೀರನ್ನಷ್ಟೇ ಕುಡಿಯುವಂತೆ ಹೇಳುತ್ತಾನೆ. ಹದಿನಾರನೆಯ ದಿನ ವೇದ ಹೇಳೆಂದಾಗ ಶ್ವೇತಕೇತುವಿಗೆ ಒಂದು ಮಂತ್ರವೂ ನೆನಪಾಗುವುದಿಲ್ಲ. ಪುರುಷನಿಗೆ ಹದಿನಾರು ಕಲೆಗಳು, ಅಂದರೆ ಹದಿನಾರು ಅಂಶಗಳು. ಅವುಗಳಲ್ಲಿ ಈಗ ಉಳಿದಿರುವುದು ದೊಡ್ಡ ಬೆಂಕಿಯಾರಿದ ಮೇಲೆ ಮಿಂಚುಹುಳದಷ್ಟೇ ಮಿನುಗುವ ಕೆಂಡದಂಥ ಒಂದು ಕಲೆ ಮಾತ್ರವೆಂದು ತಂದೆ ವಿವರಿಸುತ್ತಾನೆ. ಉಂಡು ಬಂದ ಮೇಲೆ ಕೇಳಿದ್ದಕ್ಕೆಲ್ಲ ಮಗನಿಗೆ ಉತ್ತರ ಹೊಳೆಯುತ್ತದೆ. ಇಲ್ಲಿ ಗಮನಿಸಬೇಕಾದುದು, ಮರೆತ ಶಿಷ್ಯನನ್ನು ಗುರು ದಡ್ಡನೆನ್ನುವುದಿಲ್ಲ, ಊಟ ಮಾಡಿ ಬಾ ಎನ್ನುತ್ತಾನೆ. ಹಸಿದು ಬಂದು ಹಿಂದಿನ ಬೆಂಚಿನಲ್ಲಿ ತೂಕಡಿಸುವ ಮಗುವನ್ನು ಶತಮಾನಗಳ ಕಾಲ ಮಂದಬುದ್ಧಿಯೆಂದು ಬೈದ ಶಾಲಾ ಪದ್ಧತಿಗೆ ಇಷ್ಟು ಹಳೆಯ ಉತ್ತರವೊಂದು ಇದ್ದೇ ಇತ್ತು.

ಆದರೆ ವೇದವನ್ನು ಮರೆಯುವುದಕ್ಕಾದರೂ ಮೊದಲು ಅದನ್ನು ಕಲಿಯುವ ಅಧಿಕಾರವಿರಬೇಕು. ಶ್ವೇತಕೇತುವಿನ ಉಪವಾಸ ಹದಿನೈದು ದಿನಗಳದು, ತಾನೇ ಒಪ್ಪಿಕೊಂಡದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮಂಗಳೂರಿನ ಅಸ್ಪೃಶ್ಯ ಕೇರಿಗಳ ಮಕ್ಕಳ ಉಪವಾಸ ಹಾಗಿರಲಿಲ್ಲ. ಕಾಸರಗೋಡು ಸೀಮೆಯಲ್ಲಿ ಹುಟ್ಟಿ, ಮಂಗಳೂರಿನಲ್ಲಿ ವಕೀಲರಾಗಿದ್ದ ಸಾರಸ್ವತ ಬ್ರಾಹ್ಮಣ ಕುದ್ಮುಲ್ ರಂಗರಾಯರು (1859–1928), ಬ್ರಹ್ಮಸಮಾಜದ ಪ್ರಭಾವದಲ್ಲಿ, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿ ಈ ಮಕ್ಕಳಿಗಾಗಿ ಶಾಲೆಗಳನ್ನು ನಡೆಸಿದರು. ಬರುವ ಮಕ್ಕಳಿಗೆ ಮಧ್ಯಾಹ್ನದ ಊಟದ ವ್ಯವಸ್ಥೆಯನ್ನೂ ಮಾಡಿದರು. ಆಗ ಮಂಗಳೂರು ಸೇರಿದ್ದ ಪ್ರಾಂತ್ಯದ ರಾಜಧಾನಿ ಮದ್ರಾಸಿನ ನಗರಸಭೆಯ ಶಾಲೆಯಲ್ಲಿ ಮಧ್ಯಾಹ್ನದ ಊಟ ಆರಂಭವಾದದ್ದು 1920ರ ದಶಕದಲ್ಲಿ. ಸ್ವಜಾತಿಯವರ ಬಹಿಷ್ಕಾರಕ್ಕೆ ಗುರಿಯಾದ ರಂಗರಾಯರು ಕೊಟ್ಟ ಆ ಊಟದಲ್ಲಿ ಪೌಷ್ಟಿಕತೆ ಎಷ್ಟಿತ್ತೆಂಬ ಲೆಕ್ಕಕ್ಕಿಂತ, ಮುಟ್ಟಬಾರದೆಂದು ಸಮಾಜ ತಳ್ಳಿದ ದೇಹಗಳನ್ನು ಉಣಿಸಬೇಕಾದ ದೇಹಗಳೆಂದು ಅದು ಗುರುತಿಸಿತೆಂಬುದು ತಾತ್ತ್ವಿಕವಾಗಿ ದೊಡ್ಡದು. ಮಂಗಳೂರಿನ ಪುರಭವನಕ್ಕೆ ಈಗ ಅವರ ಹೆಸರಿದೆ. ಅಲ್ಲಿ ಸನ್ಮಾನದ ಶಾಲು ಹೊದ್ದುಕೊಳ್ಳುವವರಲ್ಲಿ ಎಷ್ಟು ಮಂದಿಗೆ ಆ ಊಟದ ಸಂಗತಿ ಗೊತ್ತಿದೆಯೆಂಬುದು ಬೇರೆ ಮಾತು.

ಕೊಡುವವನ ಮತ್ತು ಉಣ್ಣುವವನ ಸಂಬಂಧವನ್ನು ಹೇಳಲು ಕನ್ನಡದಲ್ಲಿ ಮೂರು ಪದಗಳಿವೆ. ದಾನದಲ್ಲಿ ಕೊಡುವ ಕೈ ಮೇಲಿರುತ್ತದೆ, ಪುಣ್ಯವೂ ಕೊಟ್ಟವನದೇ. ದಾಸೋಹವೆಂಬುದು ‘ನಾನು ದಾಸ’ ಎಂಬರ್ಥದ ‘ದಾಸೋಽಹಂ’ ಎಂಬುದರಿಂದ ಬಂದ ಶಬ್ದ. ಹನ್ನೆರಡನೆಯ ಶತಮಾನದ ಶರಣರು ಅದರಿಂದ ಕೊಡುವವನನ್ನೇ ಸೇವಕನ ಸ್ಥಾನಕ್ಕೆ ಇಳಿಸಿದರು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿದ ಮೇಲೆ, 2002ರಲ್ಲಿ ರಾಜ್ಯದ ಉತ್ತರದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ ಮುಂದಿನ ವರ್ಷ ಉಳಿದೆಡೆಗೆ ವಿಸ್ತರಿಸಿದ ಬಿಸಿಯೂಟದ ಯೋಜನೆಗೆ ‘ಅಕ್ಷರ ದಾಸೋಹ’ ಎಂದು ಹೆಸರಿಟ್ಟದ್ದು, ಸರ್ಕಾರಿ ನಾಮಕರಣಗಳಲ್ಲಿ ಅಪರೂಪವಾಗಿ ಕಾಣುವ ಔಚಿತ್ಯ. ಮೂರನೆಯ ಪದ ಹಕ್ಕು. ಅದು ಅರಬ್ಬಿಯ ‘ಹಕ್’ ಎಂಬುದರಿಂದ ಬಂದು ಕನ್ನಡವೇ ಆಗಿಹೋಗಿದೆ. ಮಂಗಳೂರಿನ ಮುಸ್ಲಿಮರಿಗೆ ಪರಿಚಿತವಾದ ಹದೀಸೊಂದು, ಅಂದರೆ ಪ್ರವಾದಿಯವರ ನಡೆನುಡಿಗಳ ವರದಿಯೊಂದು, ಎಡೆಬಿಡದೆ ಉಪವಾಸ ಮತ್ತು ಜಾಗರಣೆ ಮಾಡುತ್ತಿದ್ದ ಅನುಯಾಯಿಗೆ ಅವನ ದೇಹಕ್ಕೂ ಅವನ ಮೇಲೆ ಹಕ್ಕಿದೆಯೆಂದು ನೆನಪಿಸುತ್ತದೆ. ದೇಹವನ್ನು ಹಕ್ಕುದಾರನೆಂದು ಕಾಣುವ ಈ ದೃಷ್ಟಿಯು ಅದನ್ನು ಸಾಧನವೆಂದು ಕಾಣುವ ದೃಷ್ಟಿಗಿಂತ ಮುಂದೆ ಹೋಗುತ್ತದೆ. ಹಕ್ಕುದಾರನಿಂದ ಯಾರೂ ಅಂಕಪಟ್ಟಿ ಕೇಳುವುದಿಲ್ಲ.

ತಟ್ಟೆಯಲ್ಲಿ ಏನಿರಬೇಕೆಂಬಲ್ಲಿಗೆ ಬಂದಾಗ ತತ್ತ್ವ ಕಲಹವಾಗುತ್ತದೆ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿಯೂ ವಿಜಯಪುರದಲ್ಲಿಯೂ ಶಾಲಾ ಮಕ್ಕಳಿಗೆ ಮೊಟ್ಟೆ ಕೊಡಲಾರಂಭಿಸಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಮರುವರ್ಷ ಯೋಜನೆ ರಾಜ್ಯಕ್ಕೆಲ್ಲ ವಿಸ್ತರಿಸಿ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ ಎಂದಾಯಿತು. ಪ್ರಾಥಮಿಕ ಶಾಲೆಯ ಊಟದಲ್ಲಿ ದಿನಕ್ಕೆ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನು ಇರಬೇಕೆಂಬುದು ನಿಯಮ. ಒಂದು ಮೊಟ್ಟೆಯಲ್ಲಿ ಸುಮಾರು ಆರು ಗ್ರಾಂ ಪ್ರೋಟೀನಿದ್ದರೆ, ಒಂದು ಬಾಳೆಹಣ್ಣಿನಲ್ಲಿರುವುದು ಒಂದು ಗ್ರಾಮಿನಷ್ಟು. ಜೈನರ ಅಹಿಂಸಾವ್ರತ ಗೌರವಕ್ಕೆ ಅರ್ಹವಾದುದೇ, ಆದರೆ ವ್ರತವೆಂಬುದು ತಾನಾಗಿ ಕೈಗೊಳ್ಳುವಂಥದು. ಪಕ್ಕದ ತಟ್ಟೆಯ ಮೇಲೆ ಹೇರಿದರೆ ಅದು ವ್ರತವಾಗಿ ಉಳಿಯುವುದಿಲ್ಲ. ಸಾತ್ತ್ವಿಕ ಆಹಾರದ ವಾದಕ್ಕೆ ಆಧಾರವೆನ್ನುವ ಭಗವದ್ಗೀತೆಯ ಹದಿನೇಳನೆಯ ಅಧ್ಯಾಯವು ಸಾತ್ತ್ವಿಕವನ್ನು ಗುರುತಿಸುವುದು ಯಾವ ಪದಾರ್ಥವನ್ನೂ ಹೆಸರಿಸಿ ಅಲ್ಲ. ಆಯುಸ್ಸು, ಬಲ, ಆರೋಗ್ಯಗಳನ್ನು ಹೆಚ್ಚಿಸುವ ಗುಣದಿಂದ. ಅದೇ ಅಧ್ಯಾಯ ತಾಮಸವೆನ್ನುವ ‘ಯಾತಯಾಮ’ಕ್ಕೆ, ಬೇಯಿಸಿ ಒಂದು ಯಾಮ, ಅಂದರೆ ಮೂರು ಗಂಟೆ, ಕಳೆದದ್ದು ಎಂಬ ಅರ್ಥವೂ ಉಂಟು, ನಸುಕಿನಲ್ಲಿ ಬೇಯಿಸಿ ಮಧ್ಯಾಹ್ನಕ್ಕೆ ವಾಹನದಲ್ಲಿ ಕಳಿಸುವ ದೊಡ್ಡ ಅಡುಗೆಮನೆಗಳು ಯಾವ ಪಂಥದವಾದರೂ ಈ ಅರ್ಥವನ್ನು ಅಷ್ಟಾಗಿ ನೆನೆಯುವುದಿಲ್ಲ.

ಛಾಂದೋಗ್ಯದ ಮೊದಲ ಅಧ್ಯಾಯದಲ್ಲಿ ಇನ್ನೊಬ್ಬ ಹಸಿದವನಿದ್ದಾನೆ. ಕುರುದೇಶದ ಬೆಳೆ ನಾಶವಾದಾಗ ಉಷಸ್ತಿ ಚಾಕ್ರಾಯಣನು ಮತ್ತೊಬ್ಬನು ತಿನ್ನುತ್ತಿದ್ದ ಎಂಜಲ ಕಾಳನ್ನು ಬೇಡಿ ತಿಂದು, ಅವನು ಕುಡಿದುಳಿದ ನೀರನ್ನು ಮಾತ್ರ ನಿರಾಕರಿಸುತ್ತಾನೆ. ಕಾಳಿಲ್ಲದೆ ತಾನು ಬದುಕುತ್ತಿರಲಿಲ್ಲ, ನೀರು ಬೇಕೆಂದಲ್ಲಿ ಸಿಗುತ್ತದೆ ಎಂಬುದು ಅವನ ಕಾರಣ. ಶುದ್ಧಿಯ ನಿಯಮ ಎಲ್ಲಿ ನಿಲ್ಲಬೇಕೆಂಬುದನ್ನು ಹಸಿದವನೇ ನಿರ್ಧರಿಸುತ್ತಾನೆ, ಉಂಡವನಲ್ಲ.

ಕರಾವಳಿಯ ಮಟ್ಟಿಗೆ ಮೊಟ್ಟೆಗಿಂತ ಹಳೆಯ ತಕರಾರು ಅಕ್ಕಿಯದು. ಮನೆಯಲ್ಲಿ ಕುಚ್ಚಲಕ್ಕಿಯ ಗಂಜಿ ಉಣ್ಣುವ ಮಕ್ಕಳಿಗೆ ಶಾಲೆಯಲ್ಲಿ ಬೆಳ್ತಿಗೆ, ಅಂದರೆ ಭತ್ತ ಬೇಯಿಸದೆ ಮಾಡಿದ ಬಿಳಿಯಕ್ಕಿಯ, ಅನ್ನ ಬಡಿಸಿದರೆ ಅದು ರುಚಿಯ ಪ್ರಶ್ನೆ ಮಾತ್ರವಲ್ಲ: ಭತ್ತವನ್ನು ಸಿಪ್ಪೆಸಹಿತ ಬೇಯಿಸಿ ಒಣಗಿಸುವಾಗ ತೌಡಿನಲ್ಲಿರುವ ಥಯಾಮಿನ್ ಎಂಬ ಬಿ ಗುಂಪಿನ ಜೀವಸತ್ವ ಕಾಳಿನೊಳಕ್ಕೆ ಇಳಿಯುವುದರಿಂದ, ಮಿಲ್ಲಿಗೆ ಹಾಕಿದ ಮೇಲೂ ಕುಚ್ಚಲಕ್ಕಿಯಲ್ಲಿ ಅದು ಹೆಚ್ಚು ಉಳಿಯುತ್ತದೆ. ಅಜ್ಜಿಯರು ಜೀವಸತ್ವದ ಹೆಸರು ಕೇಳಿರಲಿಲ್ಲ, ಗಂಜಿಯ ತಿಳಿಯನ್ನು ಚೆಲ್ಲುತ್ತಲೂ ಇರಲಿಲ್ಲ.

ವ್ಯಾಯಾಮದ ವಿಷಯದಲ್ಲಿ ತುಳುನಾಡಿನ ಭಾಷೆಯೇ ಒಂದು ಸಾಕ್ಷ್ಯ ನುಡಿಯುತ್ತದೆ. ಗರಡಿಯೆಂದರೆ ಕನ್ನಡದಲ್ಲಿ ಸಾಮು ಮಾಡುವ ಮನೆ. ತುಳುನಾಡಿನಲ್ಲಿ ಅದೇ ಪದ ಬೈದರ್ಕಳರೆನಿಸಿದ ಅವಳಿ ವೀರರಾದ ಕೋಟಿ ಚೆನ್ನಯರ ಆರಾಧನಾ ಸ್ಥಾನ. ಮಂಗಳೂರಿನ ಕಂಕನಾಡಿಯ ಬ್ರಹ್ಮ ಬೈದರ್ಕಳ ಗರಡಿಯ ಮುಂದೆ ಹಾದುಹೋಗುವವರಿಗೆ ಅದು ದೈವದ ನೆಲೆಯಾಗಿ ಕಾಣುವಷ್ಟು ಸಹಜವಾಗಿ ವ್ಯಾಯಾಮಶಾಲೆಯಾಗಿ ಕಾಣುವುದಿಲ್ಲ. ಮೈ ಪಳಗಿಸುವ ಜಾಗವೇ ಕೈ ಮುಗಿಯುವ ಜಾಗವಾದ ಈ ಅರ್ಥಾಂತರವು, ದೇಹವನ್ನು ತುಚ್ಛವೆಂದು ಬಗೆಯುವುದೇ ಅಧ್ಯಾತ್ಮವೆಂಬ ನಂಬಿಕೆಗೆ ಜನಪದ ಕೊಟ್ಟ ಮೌನ ಉತ್ತರವಿರಬೇಕು. ಗೀತೆಗಿಂತ ಫುಟ್‌ಬಾಲಿನಿಂದ ಸ್ವರ್ಗ ಹತ್ತಿರವೆಂಬ ವಿವೇಕಾನಂದರ ಮಾತು ಭಾಷಣಗಳಲ್ಲಿ ಸವೆದುಹೋಗಿರುವುದರಿಂದ ಅದನ್ನಿಲ್ಲಿ ಬೆಳೆಸಬೇಕಾಗಿಲ್ಲ.

ಐದರಿಂದ ಹದಿನೇಳು ವರ್ಷದವರು ದಿನಕ್ಕೆ ಸರಾಸರಿ ಅರುವತ್ತು ನಿಮಿಷ ಮೈ ದಣಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನಗಳೆಲ್ಲ ಕೆಸರಾಗುವ ಮಂಗಳೂರಿನಲ್ಲಿ, ಅದೂ ಜಾಗದ ಬೆಲೆ ಏರಿ ಶಾಲೆಗಳು ಮೇಲಕ್ಕೆ ಬೆಳೆದು ಅಂಗಳ ಕಿರಿದಾದ ನಗರದಲ್ಲಿ, ಇದಕ್ಕೆ ಜಗಲಿಯ ಮೇಲಿನ ಪಿ.ಟಿ. ಪೀರಿಯಡ್ಡು ಸಾಲದು. ಉಡುಪಿಯ ಬಳಿಯ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರ ಚರಿತೆಯಾದ ನಾರಾಯಣ ಪಂಡಿತಾಚಾರ್ಯರ ‘ಸುಮಧ್ವವಿಜಯ’ವು, ಬಾಲ್ಯದಲ್ಲಿ ವಾಸುದೇವನೆನಿಸಿದ್ದ ಅವರು ಓಟ, ಜಿಗಿತ, ಈಜು, ಮಲ್ಲಯುದ್ಧಗಳಲ್ಲಿ ಜೊತೆಯವರನ್ನೆಲ್ಲ ಮೀರಿಸುತ್ತಿದ್ದುದನ್ನೂ, ಪಾಠದತ್ತ ಗಮನವಿಲ್ಲವೆಂದು ಗುರು ಗದರಿದಾಗ ಪಾಠವನ್ನು ತಪ್ಪಿಲ್ಲದೆ ಒಪ್ಪಿಸಿದುದನ್ನೂ ವರ್ಣಿಸುತ್ತದೆ. ಕಾವ್ಯವು ಮಹಾಪುರುಷನ ಕಥೆಯಾದ್ದರಿಂದ ಆಟಕ್ಕೆ ಸಿಕ್ಕ ಕ್ಷಮೆ ಪಾಠ ಒಪ್ಪಿಸಿದ್ದರಿಂದಲೇ ಸಿಕ್ಕಿತು. ಅಂದು ಪಾಠ ಬಾರದೆ ನಿಂತಿರಬಹುದಾದ ಜೊತೆಯ ಹುಡುಗನಿಗೂ ಆ ಬಯಲು ಸಲ್ಲುತ್ತಿತ್ತೇ ಎಂಬುದನ್ನು ಅದು ಕೇಳಿಕೊಳ್ಳುವುದಿಲ್ಲ, ಪರೀಕ್ಷೆ ಹತ್ತಿರ ಬಂದಂತೆ ಆಟದ ಪೀರಿಯಡ್ಡನ್ನು ಗಣಿತಕ್ಕೆ ಬಿಟ್ಟುಕೊಡುವ ಶಾಲೆಗಳೂ ಕೇಳಿಕೊಳ್ಳುವುದಿಲ್ಲ.